ದವಾಖಾನೆ ಮುಚ್ಚಿದ ಮೇಲೆ

ನಮ್ಮೂರಿನ ಡಾಕ್ಟ್ರು ಹೋದ ಯುಗಾದಿಗೆ ತಮ್ಮ ದವಾಖಾನೆ ಮುಚ್ಚಿದರು. ನಲವತ್ತೊಂದು ವರ್ಷ ಒಂದೇ ಕೋಣೆ, ಒಂದೇ ಮೇಜು. ನನಗೆ ಮೊದಲ ಇಂಜೆಕ್ಷನ್ ಕೊಟ್ಟವರೂ ಅವರೇ. ಕೈ ಸಣ್ಣಗೆ ನಡುಗುವುದು ಗೊತ್ತಾದ ದಿನವೇ ಇನ್ನು ಸೂಜಿ ಹಿಡಿಯಬಾರದು ಎಂದು ತೀರ್ಮಾನಿಸಿದರಂತೆ. ಬೋರ್ಡು ಇಳಿಸಿದ ಮೇಲೂ ಒಂದೆರಡು ತಿಂಗಳು ಹಳ್ಳಿಯ ಜನ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಆಮೇಲೆ ಅವರೂ ಬರುವುದು ಬಿಟ್ಟರು. ರಜೆಗೆ ಊರಿಗೆ ಹೋದಾಗ ಅಪ್ಪ ಒಂದು ಮಾತು ಹೇಳಿದರು. ಡಾಕ್ಟ್ರು ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಬಂದು ಕೂರುತ್ತಾರೆ, ಮಧ್ಯಾಹ್ನ ಒಂದಕ್ಕೆ ಎದ್ದು ಒಳಗೆ ಹೋಗುತ್ತಾರೆ. ದವಾಖಾನೆಯ ಸಮಯ ಅದು.

ನೋಡಿಕೊಂಡು ಬರೋಣ ಎಂದು ಹೋದೆ. ಬಿ.ಇ. ಹುಡುಗ, ಎಲ್ಲವನ್ನೂ ಮೊಬೈಲಿನಲ್ಲಿ ಹುಡುಕುತ್ತೀಯ, ಸ್ಟೆತಾಸ್ಕೋಪು ಕೆಳಗಿಟ್ಟ ಡಾಕ್ಟರು ಮಾಡುವಂಥ ಕೆಲಸ ಏನಾದರೂ ಇದೆಯಾ ಹುಡುಕಿ ಹೇಳು ಎಂದರು. ತಮಾಷೆಗೆ ಹೇಳಿದ್ದು ಅಂದುಕೊಂಡೆ. ಮುಖ ನೋಡಿದರೆ ಪೂರ್ತಿ ತಮಾಷೆ ಅಲ್ಲ. ಅಲ್ಲೇ ಹುಡುಕಿ ಓದಿದೆ. ಮೆಡಿಕಲ್ ಕಾಲೇಜಿನಲ್ಲಿ ಪಾಠ, ವಿಮಾ ಕಂಪನಿಗೆ ಕ್ಲೇಮ್ ಕಾಗದ ಪರಿಶೀಲನೆ, ಆಸ್ಪತ್ರೆಯ ಆಡಳಿತ, ಆರೋಗ್ಯ ಶಿಬಿರ, ಫೋನಿನಲ್ಲೇ ಸಲಹೆ. ಎಲ್ಲ ಕೇಳಿ ನಕ್ಕರು. ಇವೆಲ್ಲ ಡಾಕ್ಟರಿಕೆಯೇ, ಗಡಿಯಾರ ಮಾತ್ರ ಬೇರೆಯವರದು ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರದಂಥದ್ದು ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ, ನಮ್ಮ ಕಾಲೇಜಿನ ಲ್ಯಾಬಿನ ಹಳೆಯ ಕಪಾಟಿನಲ್ಲಿ. ಕ್ಯಾಲ್ಕುಲೇಟರ್ ಬರುವ ಮುಂಚೆ ಎಂಜಿನಿಯರುಗಳು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಸ್ಲೈಡ್ ರೂಲ್ ಒಂದು ಅಲ್ಲಿತ್ತು. ಅದರ ಅಂಚಿನಲ್ಲಿ ಎಲ್‌ಎಲ್ ಎಂದು ಗುರುತು ಮಾಡಿದ ಮೂರು ಅಳತೆಗಳಿದ್ದವು. ಅವೇನು, ಯಾರು ಮಾಡಿದ್ದು ಎಂದು ಹುಡುಕುತ್ತಾ ಹೋದರೆ ಸಿಕ್ಕಿದ್ದು ಎಂಜಿನಿಯರ್ ಅಲ್ಲ, ಗಣಿತಜ್ಞನೂ ಅಲ್ಲ, ಲಂಡನ್ನಿನ ಒಬ್ಬ ಡಾಕ್ಟರು. ಹೆಸರು ಪೀಟರ್ ಮಾರ್ಕ್ ರೋಜೆ. ಈ ಹೆಸರು ಎಲ್ಲೋ ಕೇಳಿದೆನಲ್ಲ ಎಂದು ಯೋಚಿಸಿದಾಗ ಹೊಳೆಯಿತು. ಲೈಬ್ರರಿಯಲ್ಲಿ ಡಿಕ್ಷನರಿಯ ಪಕ್ಕ ದಪ್ಪಗೆ ಕೂತಿರುತ್ತದಲ್ಲ, ಥಿಸಾರಸ್, ಒಂದು ಇಂಗ್ಲಿಷ್ ಪದಕ್ಕೆ ಅದರ ನೆಂಟರಿಷ್ಟರನ್ನೆಲ್ಲ ತೋರಿಸುವ ಪುಸ್ತಕ, ಅದರ ಬೆನ್ನಿನ ಮೇಲಿರುವುದು ಇದೇ ಹೆಸರು. ಈತ ವೈದ್ಯವೃತ್ತಿ ಬಿಟ್ಟಿದ್ದು 61ನೇ ವಯಸ್ಸಿನಲ್ಲಿ. ಆ ಪುಸ್ತಕ ಅಚ್ಚಾದದ್ದು 73ನೇ ವಯಸ್ಸಿನಲ್ಲಿ.

ರೋಜೆ ಹುಟ್ಟಿದ್ದು 1779ರ ಜನವರಿ 18ರಂದು, ಲಂಡನ್ನಿನ ಸೋಹೋದಲ್ಲಿ. ಅಪ್ಪ ಜೀನ್ ರೋಜೆ ಜಿನೀವಾದಿಂದ ಬಂದ ಪಾದ್ರಿ. ಕ್ಷಯ ಹಿಡಿದು ತೀರಿಕೊಂಡಾಗ ಮಗನಿಗೆ ನಾಲ್ಕು ವರ್ಷ. ತಾಯಿ ಕ್ಯಾಥರೀನ್ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಮನೆ ಬದಲಿಸುತ್ತಾ ಹೋದಳು. ಆ ಮನೆತನದಲ್ಲಿ ಮನಸ್ಸಿನ ಕಾಯಿಲೆ ತಲೆಮಾರಿನಿಂದ ಇತ್ತು, ತಾಯಿಗೂ ಕೊನೆಗಾಲದಲ್ಲಿ ಅದು ಹಿಡಿಯಿತು. ಹುಡುಗ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದ. ಅದರಲ್ಲಿ ಲ್ಯಾಟಿನ್ ಪದಗಳು, ಪಕ್ಕದಲ್ಲಿ ಇಂಗ್ಲಿಷ್ ಅರ್ಥ, ಪ್ರಾಣಿಗಳದ್ದು ಒಂದು ಕಡೆ, ದೇಹದ ಭಾಗಗಳದ್ದು ಇನ್ನೊಂದು ಕಡೆ. ದೊಡ್ಡವನಾದ ಮೇಲೆ ಸತ್ತವರ ತಾರೀಖುಗಳ ಪಟ್ಟಿಯನ್ನೂ ಮಾಡಿಟ್ಟ. ತನ್ನ ಸುತ್ತ ಎಲ್ಲ ಅಲುಗಾಡುತ್ತಿದ್ದಾಗ ಪಟ್ಟಿ ಮಾಡುವುದೇ ಅವನಿಗೆ ಆಸರೆಯಾಗಿತ್ತು ಎಂದು ಅವನ ಬದುಕು ಬರೆದವರು ಹೇಳುತ್ತಾರೆ. ಇರಬಹುದು. ಆದರೆ ಪಟ್ಟಿ ಮಾಡುವ ಮಕ್ಕಳೆಲ್ಲ ದುಃಖಿಗಳೇ ಆಗಿರಬೇಕಿಲ್ಲ. ನನ್ನ ತಮ್ಮ ಬಸ್ಸಿನ ನಂಬರುಗಳ ಪಟ್ಟಿ ಮಾಡುತ್ತಾನೆ, ಅವನಷ್ಟು ಖುಷಿಯಾಗಿರುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಹದಿನಾಲ್ಕನೇ ವಯಸ್ಸಿಗೆ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿ, ಹತ್ತೊಂಬತ್ತಕ್ಕೇ 1798ರಲ್ಲಿ ಎಂ.ಡಿ. ಮುಗಿಸಿದ. ನನಗಿಂತ ಒಂದು ವರ್ಷ ಚಿಕ್ಕವನು, ಆಗಲೇ ಡಾಕ್ಟರು. ಆದರೆ ಅಷ್ಟು ಎಳೆಯ ಡಾಕ್ಟರ ಹತ್ತಿರ ಯಾವ ರೋಗಿ ಬರುತ್ತಾನೆ? ಮುಂದಿನ ಆರು ವರ್ಷ ಸರಿಯಾದ ಕೆಲಸವಿಲ್ಲದೆ ಅಲೆದ. ಬ್ರಿಸ್ಟಲ್‌ನಲ್ಲಿ ಥಾಮಸ್ ಬೆಡೋಸ್ ಎಂಬ ವೈದ್ಯ ಗಾಳಿಗಳಿಂದ ರೋಗ ವಾಸಿ ಮಾಡುವ ಪ್ರಯೋಗ ನಡೆಸುತ್ತಿದ್ದ, ಅಲ್ಲಿ ಹಂಫ್ರಿ ಡೇವಿಯ ಜೊತೆ ಸೇರಿ ನಗೆ ಅನಿಲ ಮೂಸಿ ನೋಡಿದ. ಬೇರೆಯವರಿಗೆಲ್ಲ ಅದರಿಂದ ನಗು, ಆನಂದ. ಇವನಿಗೆ ಮಾತ್ರ ತಲೆ ತಿರುಗಿತು, ಹಿಡಿಸಲಿಲ್ಲ, ಹಾಗೆಯೇ ಬರೆದುಕೊಟ್ಟ. 1800ರಲ್ಲಿ ತತ್ವಜ್ಞಾನಿ ಜೆರೆಮಿ ಬೆಂಥಮ್ ಮನೆಯಲ್ಲಿದ್ದು, ಆಹಾರ ಕೆಡದಂತೆ ತಂಪಾಗಿಡುವ ಕೋಣೆ ಕಟ್ಟುವ ಯೋಜನೆಗೆ ಕೈ ಹಾಕಿದ. ಒಂಥರಾ ಫ್ರಿಜ್ಜಿನ ಮುತ್ತಾತ. ಕೆಲವೇ ವಾರಗಳಲ್ಲಿ ಅಲ್ಲಿಂದಲೂ ಹೊರಟ.

ಆ ಮೇಲಿನದ್ದು ಸಿನಿಮಾ ಕಥೆ. ಮ್ಯಾಂಚೆಸ್ಟರಿನ ಗಿರಣಿ ಮಾಲೀಕ ಫಿಲಿಪ್ಸ್‌ನ ಇಬ್ಬರು ಹುಡುಗರನ್ನು ಯೂರೋಪ್ ಪ್ರವಾಸ ಮಾಡಿಸುವ ಮೇಷ್ಟ್ರಾಗಿ 1802ರಲ್ಲಿ ಹೊರಟ. ಪ್ಯಾರಿಸ್ ನೋಡಿಕೊಂಡು ಅಪ್ಪನ ಊರು ಜಿನೀವಾಕ್ಕೆ ಬಂದರು. 1803ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಮತ್ತೆ ಯುದ್ಧ ಶುರುವಾಯಿತು, ಆಗ ಜಿನೀವಾ ನೆಪೋಲಿಯನ್ನನ ಕೈಯಲ್ಲಿತ್ತು. ಫ್ರೆಂಚ್ ನೆಲದಲ್ಲಿರುವ ವಯಸ್ಕ ಇಂಗ್ಲಿಷ್ ಗಂಡಸರನ್ನೆಲ್ಲ ಹಿಡಿದಿಡಿ ಎಂಬ ಹುಕುಂ ಬಂತು. ಹುಡುಗರಿಬ್ಬರನ್ನು ಗುಟ್ಟಾಗಿ ಗಡಿಯತ್ತ ಸಾಗಿಸಿದ ರೋಜೆ, ತಾನು ಇಂಗ್ಲಿಷಿನವನೇ ಅಲ್ಲ, ಜಿನೀವಾದವನ ಮಗ ಎಂದು ಅಪ್ಪನ ಜನನದ ದಾಖಲೆ ಹುಡುಕಿ ತೆಗೆದು ಅಧಿಕಾರಿಗಳ ಮುಂದಿಟ್ಟ. ನೆನಪೇ ಇಲ್ಲದ ಅಪ್ಪ ಒಂದು ಕಾಗದವಾಗಿ ಬಂದು ಮಗನನ್ನು ಉಳಿಸಿದ. ಮೂವರೂ ದಾರಿಯಲ್ಲಿ ಇಂಗ್ಲಿಷ್ ಮಾತಾಡದೆ, ಹಳ್ಳಿಗರ ವೇಷದಲ್ಲಿ ಜರ್ಮನಿಗೆ ದಾಟಿದರು. ಜಿನೀವಾದಲ್ಲಿ ಪರಿಚಯವಾಗಿದ್ದ ಲವೆಲ್ ಎಜ್‌ವರ್ತ್ ಎಂಬ ಗೆಳೆಯ ಸಿಕ್ಕಿಬಿದ್ದ, ಬಿಡುಗಡೆಯಾಗಿದ್ದು ಹನ್ನೊಂದು ವರ್ಷದ ನಂತರ.

ಆ ಗಿರಣಿ ಮಾಲೀಕರ ನಂಟಿನಿಂದಲೇ ಇರಬೇಕು, ಮ್ಯಾಂಚೆಸ್ಟರಿನ ದೊಡ್ಡ ಆಸ್ಪತ್ರೆಯಲ್ಲಿ ಅವನಿಗೆ ವೈದ್ಯನ ಹುದ್ದೆ ಸಿಕ್ಕಿತು. ಹಗಲು ಆಸ್ಪತ್ರೆ, ಸಂಜೆ ಉಪನ್ಯಾಸ. ಅಲ್ಲಿನ ವೈದ್ಯಕೀಯ ಶಾಲೆ ಅವನೂ ಸೇರಿ ಶುರು ಮಾಡಿದ್ದು. ಉಪನ್ಯಾಸ ತಯಾರು ಮಾಡುವಾಗ ಸರಿಯಾದ ಪದ ಸಿಗದೆ ಒದ್ದಾಡುತ್ತಿದ್ದ. ಬರವಣಿಗೆ ಅವನಿಗೆ ಸುಲಭವಾಗಿ ಬರುತ್ತಿರಲಿಲ್ಲ, ಅದು ಅವನಿಗೇ ಗೊತ್ತಿತ್ತು. ಹಾಗಾಗಿ ತನ್ನ ಉಪಯೋಗಕ್ಕೆಂದು ಪದಗಳನ್ನು ಅರ್ಥದ ಪ್ರಕಾರ ಗುಂಪು ಮಾಡಿ ಬರೆದಿಟ್ಟುಕೊಂಡ. 1805ರಲ್ಲಿ ಆ ಪುಟ್ಟ ಪಟ್ಟಿ ಮುಗಿಯಿತು. ಆಗ ವಯಸ್ಸು 26. ಯಾರಿಗೂ ತೋರಿಸಲಿಲ್ಲ, ಅಚ್ಚು ಹಾಕಿಸುವ ಯೋಚನೆ ಇರಲಿಲ್ಲ. ಬೇಕಾದಾಗ ತೆಗೆದು ನೋಡುವುದು, ಮತ್ತೆ ಒಳಗಿಡುವುದು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು ಅನಿಸುತ್ತದೆ. ಮುಂದಿನ 44 ವರ್ಷ ಈ ನೋಟ್‌ಬುಕ್ಕಿನದು ಬರೀ ಮೂಲೆಯ ಬದುಕು. ಡಾಕ್ಟರು ರೋಗಿಗಳನ್ನು ನೋಡುತ್ತಾನೆ, ಸಭೆಗಳಿಗೆ ಹೋಗುತ್ತಾನೆ, ಮದುವೆಯಾಗುತ್ತಾನೆ, ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ನೋಟ್‌ಬುಕ್ ಇದ್ದಲ್ಲೇ ಇದೆ.

1808ರಲ್ಲಿ ಲಂಡನ್ನಿಗೆ ಬಂದು ರಸೆಲ್ ಸ್ಕ್ವೇರ್ ಹತ್ತಿರದ ಬರ್ನಾರ್ಡ್ ಸ್ಟ್ರೀಟ್‌ನಲ್ಲಿ ಮನೆ ಮಾಡಿದ. ಬಡವರಿಗಾಗಿ ನಡೆಯುತ್ತಿದ್ದ ನಾರ್ದರ್ನ್ ಡಿಸ್ಪೆನ್ಸರಿಯಲ್ಲಿ 18 ವರ್ಷ ಸಂಬಳವಿಲ್ಲದೆ ಕೆಲಸ ಮಾಡಿದ. ಡಾಕ್ಟರಾಗಿ ಒಳ್ಳೆಯ ಹೆಸರಿತ್ತು, ಲಂಡನ್ನಿನ ವೈದ್ಯರ ದೊಡ್ಡ ಸಂಘಕ್ಕೆ ಅಧ್ಯಕ್ಷನೂ ಆದ. ಆದರೆ ನಿಜ ಹೇಳಬೇಕೆಂದರೆ ವೈದ್ಯಕೀಯದಲ್ಲಿ ಅವನ ಹೆಸರಿನಲ್ಲಿ ಉಳಿದ ದೊಡ್ಡ ಶೋಧ ಒಂದೂ ಇಲ್ಲ. ಉಳಿದದ್ದೆಲ್ಲ ಪಕ್ಕದ ದಾರಿಗಳಲ್ಲಿ ಮಾಡಿದ್ದು.

ಮೊದಲನೆಯದು ನಾನು ಕಪಾಟಿನಲ್ಲಿ ಕಂಡದ್ದು. ಸಾಮಾನ್ಯ ಸ್ಲೈಡ್ ರೂಲ್‌ನಲ್ಲಿ ಎರಡು ಸಂಖ್ಯೆಗಳ ಲಾಗರಿದಂಗಳನ್ನು ಉದ್ದಗಳಾಗಿ ಗುರುತು ಮಾಡಿರುತ್ತಾರೆ. ಒಂದು ಉದ್ದಕ್ಕೆ ಇನ್ನೊಂದು ಉದ್ದ ಕೂಡಿಸಿದರೆ ಗುಣಾಕಾರ ಆಯಿತು. ಆದರೆ 2ರ ಘಾತ 3.7 ಎಷ್ಟು ಎಂದು ಕೇಳಿದರೆ ಅದು ಕೈ ಚೆಲ್ಲುತ್ತದೆ. ಘಾತದ ಲಾಗರಿದಂ ತೆಗೆದರೆ ಗುಣಾಕಾರ ಬರುತ್ತದೆ, ಆ ಗುಣಾಕಾರಕ್ಕೆ ಇನ್ನೊಮ್ಮೆ ಲಾಗರಿದಂ ತೆಗೆದರೆ ಸಂಕಲನ ಬರುತ್ತದೆ. ಹಾಗಾದರೆ ಲಾಗರಿದಂನ ಲಾಗರಿದಂ ಅನ್ನೇ ಪಟ್ಟಿಯ ಮೇಲೆ ಗೀಚಿದರೆ? ರೋಜೆ ಮಾಡಿದ್ದು ಅಷ್ಟೇ. ಹೇಳಿದ ಮೇಲೆ ಸುಲಭ. 1814ರ ಕೊನೆಗೆ ರಾಯಲ್ ಸೊಸೈಟಿಯಲ್ಲಿ ಇದರ ಪ್ರಬಂಧ ಓದಲಾಯಿತು, 1815ರಲ್ಲಿ ಅವನು ಆ ಸೊಸೈಟಿಯ ಫೆಲೋ ಆದ. ಬಹಳ ದಿನ ಆ ಅಳತೆಯನ್ನು ಯಾರೂ ಕೇಳಲಿಲ್ಲ. ಎಂಜಿನಿಯರಿಂಗಿಗೆ ಅದು ಬೇಕಾಗುವ ಹೊತ್ತಿಗೆ ರೋಜೆ ತೀರಿಹೋಗಿದ್ದ.

ಎರಡನೆಯದು ಕಣ್ಣಿಗೆ ಸಂಬಂಧಿಸಿದ್ದು. ನೇರ ಪಟ್ಟಿಗಳ ಸಂದಿಯಿಂದ ಓಡುವ ಗಾಡಿಯ ಚಕ್ರ ನೋಡಿದರೆ ಅದರ ಕಡ್ಡಿಗಳು ಬಾಗಿದಂತೆ ಕಾಣುತ್ತವೆ. ಯಾಕೆ ಎಂದು ರೇಖಾಗಣಿತ ಹಾಕಿ 1824ರ ಡಿಸೆಂಬರಿನಲ್ಲಿ ವಿವರಿಸಿದ. ಬೆಳಕಿನ ಗುರುತು ಕಣ್ಣಿನೊಳಗೆ ಒಂದು ಕ್ಷಣ ಉಳಿಯುತ್ತದೆ ಎಂಬುದು ವಿವರಣೆಯ ಆಧಾರ. ಆಮೇಲೆ ಫ್ಯಾರಡೇ ಮುಂತಾದವರು ತಿರುಗುವ ಚಕ್ರಗಳ ಮೇಲೆ ಕೆಲಸ ಮುಂದುವರಿಸಿದರು, ಚಲಿಸುವ ಚಿತ್ರದ ಆಟಿಕೆಗಳು ಬಂದವು. ಸಿನಿಮಾದ ಇತಿಹಾಸ ಹೇಳುವವರು ಕೆಲವರು ಇವನನ್ನೇ ಅದರ ಅಜ್ಜ ಮಾಡಿಬಿಡುತ್ತಾರೆ. ಅಷ್ಟು ಹೊಗಳಿಕೆ ಬೇಡ ಅನಿಸುತ್ತದೆ, ಅವನು ನೋಡಿದ್ದು ಚಕ್ರ ಮಾತ್ರ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. 1827ರಲ್ಲಿ ಲಂಡನ್ನಿನ ಕುಡಿಯುವ ನೀರಿನ ಬಗ್ಗೆ ಗಲಾಟೆ ಎದ್ದಿತು. ಥೇಮ್ಸ್ ನದಿಯಲ್ಲಿ ಒಂದು ಕಂಪನಿ ನೀರೆತ್ತುತ್ತಿದ್ದ ಜಾಗದ ಹತ್ತಿರವೇ ಚರಂಡಿ ಬಂದು ಬೀಳುತ್ತಿತ್ತು. ಸರ್ಕಾರ ಮೂವರ ಆಯೋಗ ನೇಮಿಸಿತು. ಒಬ್ಬ ಸೇತುವೆ, ಕಾಲುವೆಗಳ ಮಹಾ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್, ಇನ್ನೊಬ್ಬ ರಸಾಯನಶಾಸ್ತ್ರಜ್ಞ ಬ್ರ್ಯಾಂಡ್, ಮೂರನೆಯವನು ನಮ್ಮ ಡಾಕ್ಟರು. ನೀರನ್ನು ಹೆಚ್ಚು ಶುದ್ಧವಾದ ಕಡೆಯಿಂದ ತರಬೇಕು ಎಂದು 1828ರಲ್ಲಿ ವರದಿ ಕೊಟ್ಟರು. ವರದಿಗಳ ಹಣೆಬರಹ ಆಗಲೂ ಈಗಲೂ ಒಂದೇ. 1832ರಲ್ಲಿ ಲಂಡನ್ನಿಗೆ ಕಾಲರಾ ಬಂತು.

ಹೊರಗೆ ಹೀಗೆ ಏರುತ್ತಿದ್ದವನ ಮನೆಯೊಳಗಿನ ಕಥೆ ಬೇರೆ. ಅಪ್ಪನಿಲ್ಲದ ಹುಡುಗನನ್ನು ಮಗನಂತೆ ನೋಡಿಕೊಂಡಿದ್ದು ಸೋದರಮಾವ ಸ್ಯಾಮ್ಯುಯೆಲ್ ರೊಮಿಲಿ, ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಕಳ್ಳತನಕ್ಕೂ ಗಲ್ಲು ಹಾಕುತ್ತಿದ್ದ ಕಾನೂನುಗಳ ವಿರುದ್ಧ ಹೋರಾಡಿದ ಪ್ರಸಿದ್ಧ ವಕೀಲ. 1818ರಲ್ಲಿ ಹೆಂಡತಿ ತೀರಿಕೊಂಡ ನಾಲ್ಕೇ ದಿನಕ್ಕೆ ರೊಮಿಲಿ ಪ್ರಾಣ ಕಳೆದುಕೊಂಡ. ಆ ದಿನಗಳಲ್ಲಿ ವೈದ್ಯನಾಗಿ ನೋಡಿಕೊಳ್ಳುತ್ತಿದ್ದವನು ಸೋದರಳಿಯ ರೋಜೆಯೇ. ತಾನಿದ್ದೂ ಉಳಿಸಲಾಗಲಿಲ್ಲ ಎಂಬ ಭಾರ ಯಾವ ಡಾಕ್ಟರಿಗೆ ತಾನೇ ಸುಲಭವಾಗಿ ಇಳಿಯುತ್ತದೆ. 45ನೇ ವಯಸ್ಸಿನಲ್ಲಿ, 1824ರಲ್ಲಿ, ಲಿವರ್‌ಪೂಲ್‌ನ ಹತ್ತಿ ವ್ಯಾಪಾರಿಯ ಮಗಳು ಮೇರಿ ಹಾಬ್ಸನ್ ಜೊತೆ ಮದುವೆ. ಒಬ್ಬಳು ಮಗಳು, ಒಬ್ಬ ಮಗ. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ, 1833ರಲ್ಲಿ, ಮೇರಿ ಕ್ಯಾನ್ಸರಿನಿಂದ ತೀರಿಕೊಂಡಳು. ರೋಜೆ ಆಗ ಪ್ರಾಣಿ ಮತ್ತು ಸಸ್ಯಗಳ ಶರೀರಕ್ರಿಯೆಯ ಬಗ್ಗೆ ಎರಡು ಸಂಪುಟಗಳ ದೊಡ್ಡ ಪುಸ್ತಕ ಬರೆಯುತ್ತಿದ್ದ. ನಿಲ್ಲಿಸಲಿಲ್ಲ, ಮರುವರ್ಷ ಅದು ಪ್ರಕಟವಾಯಿತು. ಸಾವಿರಾರು ಜೀವಿಗಳನ್ನು ವರ್ಗ, ಉಪವರ್ಗ ಎಂದು ಜೋಡಿಸಿದ ಆ ಕೆಲಸ ಮುಂದೆ ಪದಗಳನ್ನು ಜೋಡಿಸುವಾಗ ಕೈ ಹಿಡಿಯಿತು.

1840ರಲ್ಲಿ ವೈದ್ಯವೃತ್ತಿಗೆ ವಿದಾಯ ಹೇಳಿದ. ಆದರೆ ನಮ್ಮೂರ ಡಾಕ್ಟ್ರ ಹಾಗೆ ಖಾಲಿ ಕೂರುವ ಪ್ರಮೇಯ ಬರಲಿಲ್ಲ, ಯಾಕೆಂದರೆ 1827ರಿಂದಲೂ ಅವನು ರಾಯಲ್ ಸೊಸೈಟಿಯ ಕಾರ್ಯದರ್ಶಿ. ರೋಗಿಗಳು ಹೋದರು, ಕಡತಗಳು ಉಳಿದವು. ಬಿಡುವು ಸಿಕ್ಕಿದ್ದಕ್ಕೆ ಚದುರಂಗಕ್ಕೂ ಕೈ ಹಾಕಿದ. ಕುದುರೆ 64 ಮನೆಗಳನ್ನೂ ಒಂದೊಂದು ಸಲ ಮುಟ್ಟಿ ಬರುವ ಹಳೆಯ ಸಮಸ್ಯೆ ಇದೆಯಲ್ಲ, ಅದರಲ್ಲಿ ಯಾವ ಮನೆಯಿಂದ ಹೊರಟು ವಿರುದ್ಧ ಬಣ್ಣದ ಯಾವ ಮನೆಯಲ್ಲಿ ಬೇಕಾದರೂ ಮುಗಿಸುವ ವಿಧಾನವನ್ನು 1840ರಲ್ಲೇ ಪ್ರಕಟಿಸಿದ. ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಈ ಕುದುರೆಯ ಹಿಂದೆ ನಾನೂ ಎರಡು ವಾರ ಓಡಿದ್ದೇನೆ. ಆತ ಕಂಪ್ಯೂಟರಿಲ್ಲದೆ ಮಾಡಿದ್ದು ಎಂದು ಗೊತ್ತಾದಾಗ ಸ್ವಲ್ಪ ನಾಚಿಕೆಯಾಯಿತು.

ಇಷ್ಟರಲ್ಲಿ ಒಂದು ವಿಷಯ ಮುಚ್ಚಿಡಬಾರದು. ಕಾರ್ಯದರ್ಶಿ ರೋಜೆ ಎಲ್ಲರಿಗೂ ಬೇಕಾದವನಾಗಿರಲಿಲ್ಲ. ನರಗಳ ಪ್ರತಿವರ್ತನೆಯ ಬಗ್ಗೆ ಮಹತ್ವದ ಕೆಲಸ ಮಾಡಿದ ಮಾರ್ಷಲ್ ಹಾಲ್ ಎಂಬ ವೈದ್ಯನ ಪ್ರಬಂಧ ರಾಯಲ್ ಸೊಸೈಟಿಯಲ್ಲಿ ತಿರಸ್ಕೃತವಾಯಿತು, ಹಾಲ್ ಅದಕ್ಕೆ ರೋಜೆಯನ್ನೇ ದೂರಿದ. 1845ರಲ್ಲಿ ಕೊಟ್ಟ ಒಂದು ಪದಕದ ವಿಷಯದಲ್ಲಿ ನಿಯಮ ಪಾಲಿಸಲಿಲ್ಲ ಎಂಬ ಆರೋಪ ಬಂತು, ಲ್ಯಾನ್ಸೆಟ್ ಪತ್ರಿಕೆ ಬೆನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗೆ ಹೊಸಬರ ಅಸಹನೆ ಕಾಣಿಸದೆ ಹೋಗುತ್ತದೆ. ಕಾಲೇಜಿನಲ್ಲಿ ಇರುವ ನಮಗೆ ಅದು ಗೊತ್ತು. ಅಂತೂ 1848ರಲ್ಲಿ ಕಾರ್ಯದರ್ಶಿ ಸ್ಥಾನ ಬಿಟ್ಟ. ವಯಸ್ಸು 69. ನನ್ನ ಲೆಕ್ಕದಲ್ಲಿ ಅವನ ನಿಜವಾದ ನಿವೃತ್ತಿ ಇದು. ಈಗ ಬೆಳಿಗ್ಗೆ ಒಂಬತ್ತಕ್ಕೆ ಹೋಗಬೇಕಾದ ಜಾಗ ಇರಲಿಲ್ಲ. ತಾನೇ ಬಿಟ್ಟು ಬಂದೆ ಎಂದು ಪೂರ್ತಿ ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಆಗ ಆ ನೋಟ್‌ಬುಕ್ ಹೊರಗೆ ಬಂತು. ಪದಗಳ ವಿಷಯದಲ್ಲಿ ಆಗ ಇದ್ದ ಪುಸ್ತಕಗಳು ಅವನಿಗೆ ತೃಪ್ತಿ ಕೊಟ್ಟಿರಲಿಲ್ಲ. ಡಿಕ್ಷನರಿ ಪದ ಕೊಟ್ಟರೆ ಅರ್ಥ ಹೇಳುತ್ತದೆ. ರೋಜೆಗೆ ಬೇಕಾಗಿದ್ದು ಉಲ್ಟಾ, ಮನಸ್ಸಿನಲ್ಲಿ ಅರ್ಥ ಇದೆ, ಪದ ಮರೆತಿದೆ, ಆಗ ಎಲ್ಲಿ ಹುಡುಕಬೇಕು? ಅಕ್ಷರಾನುಕ್ರಮ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅವನು ಜಗತ್ತನ್ನೇ ಆರು ವಿಭಾಗ ಮಾಡಿದ. ಇರುವಿಕೆ, ಪ್ರಮಾಣ, ಕಾಲ ಮುಂತಾದ ಅಮೂರ್ತ ಸಂಬಂಧಗಳು ಒಂದು, ಸ್ಥಳಾವಕಾಶ ಒಂದು, ಜಡವಸ್ತು ಒಂದು. ಬುದ್ಧಿ, ಇಚ್ಛೆ, ಭಾವ ಇನ್ನು ಮೂರು. ಇವುಗಳ ಕೆಳಗೆ ಒಂದು ಸಾವಿರ ಶೀರ್ಷಿಕೆಗಳು. ಮೊದಲನೆಯದು ಅಸ್ತಿತ್ವ, ಎರಡನೆಯದು ಅದರ ಅಭಾವ. ವಿರುದ್ಧವಾದವುಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕದ ಕಂಬಗಳಲ್ಲಿ ಇಟ್ಟ. ಗಿಡಗಳನ್ನೂ ಪ್ರಾಣಿಗಳನ್ನೂ ಕುಟುಂಬಗಳಾಗಿ ವಿಂಗಡಿಸುವ ರೀತಿಯೇ ತನ್ನದು ಎಂದು ಅವನೇ ಮುನ್ನುಡಿಯಲ್ಲಿ ವಿವರಿಸಿದ್ದಾನೆ.

ಕೆಲಸ ಕೈಗೆತ್ತಿಕೊಂಡಾಗ ಮೂರ್ನಾಲ್ಕು ತಿಂಗಳಲ್ಲಿ ಮುಗಿದೀತು ಅಂದುಕೊಳ್ಳುವಂಥ ಕೆಲಸ ಅದು. ಮುಗಿಯಲು ಮೂರ್ನಾಲ್ಕು ವರ್ಷ ಬೇಕಾಯಿತು. ಒಂದು ಪದ ಒಂದೇ ಮನೆಯಲ್ಲಿ ಕೂರುವುದಿಲ್ಲ, ಅದೇ ಕಷ್ಟ. ನಮ್ಮ ಕನ್ನಡದ ಉದಾಹರಣೆ ತೆಗೆದುಕೊಂಡರೆ, ಉರಿ ಎಂಬುದನ್ನು ಬೆಂಕಿಯ ಕೆಳಗೆ ಇಡುತ್ತೀರಾ, ಹೊಟ್ಟೆಯ ಕೆಳಗೆ ಇಡುತ್ತೀರಾ, ಅಥವಾ ಪಕ್ಕದ ಮನೆಯವರು ಕಾರು ತಂದಾಗ ಆಗುತ್ತದಲ್ಲ, ಅದರ ಕೆಳಗೆ ಇಡುತ್ತೀರಾ? ಮೂರೂ ಕಡೆ ಇಡಬೇಕು, ಮೂರಕ್ಕೂ ದಾರಿ ತೋರಿಸಬೇಕು. ನೋವಿನ ನೂರು ಬಗೆಗಳನ್ನು ರೋಗಿಗಳ ಬಾಯಲ್ಲಿ ಕೇಳಿ ಕೇಳಿ ಬೇರೆ ಮಾಡಿದ ಕಿವಿ ಇಲ್ಲದಿದ್ದರೆ ಇದು ಸಾಧ್ಯವಾಗುತ್ತಿತ್ತೇ ಎಂಬುದು ನನ್ನ ಅನುಮಾನ. ವೃತ್ತಿ ಬಿಟ್ಟರೂ ವೃತ್ತಿ ಕಲಿಸಿದ ಅಭ್ಯಾಸ ಬಿಟ್ಟಿರಲಿಲ್ಲ.

ಅವನ ಮುನ್ನುಡಿಯ ಅಡಿಟಿಪ್ಪಣಿಯಲ್ಲಿ ನಮಗೆ ಗೊತ್ತಿರುವ ಒಂದು ಹೆಸರಿದೆ, ಅಮರಕೋಶ. ಕೋಲ್‌ಬ್ರೂಕ್ ಇಂಗ್ಲಿಷಿನಲ್ಲಿ ಸಿದ್ಧಪಡಿಸಿ 1808ರಲ್ಲಿ ಸೇರಾಂಪುರದಲ್ಲಿ ಅಚ್ಚಾದ ಪ್ರತಿ ಅವನ ಗಮನಕ್ಕೆ ಬಂದಿತ್ತು. ಪದಗಳನ್ನು ಅಕ್ಷರದಿಂದಲ್ಲ, ವಿಷಯದಿಂದ ಜೋಡಿಸಿದ ಪುಸ್ತಕ ತನಗಿಂತ ಮುಂಚೆ ಇತ್ತು ಎಂದು ಒಪ್ಪಿಕೊಳ್ಳುತ್ತಾನೆ. ಆದರೆ ಅದು ಗೊಂದಲದ್ದು, ಅಪೂರ್ಣವಾದದ್ದು ಎಂದು ಸೇರಿಸಿಬಿಟ್ಟಿದ್ದಾನೆ. ನನಗೆ ಇದು ಅನ್ಯಾಯ ಅನಿಸಿತು. ಅಮರಸಿಂಹ ಪದ್ಯದಲ್ಲಿ ಬರೆದಿದ್ದು ಬಾಯಿಪಾಠ ಮಾಡಲಿಕ್ಕೆ, ಮೇಜಿನ ಮೇಲೆ ತೆರೆದಿಟ್ಟು ನೋಡಲಿಕ್ಕಲ್ಲ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ನಾಲಿಗೆಯ ಮೇಲೆ ಉಳಿದ ಕೋಶವನ್ನು ಸೂಚಿಕೆ ಇಲ್ಲ ಎಂದು ಬೈದಂತಾಯಿತು.

1852ರಲ್ಲಿ ಲಾಂಗ್‌ಮನ್ ಪ್ರಕಾಶನದಿಂದ ಪುಸ್ತಕ ಬಂತು, ಸುಮಾರು 15,000 ಪದಗಳು. ಕೊನೆಗೆ ಅಕ್ಷರಾನುಕ್ರಮದ ಒಂದು ಸೂಚಿಕೆಯನ್ನೂ ಸೇರಿಸಿದ. ಜನ ಅವನ ಆರು ವಿಭಾಗಗಳ ತತ್ವಶಾಸ್ತ್ರ ಓದಲಿಲ್ಲ, ನೇರವಾಗಿ ಸೂಚಿಕೆಗೇ ಹೋದರು. ಈಗಲೂ ಹೋಗುತ್ತಾರೆ. ಅಷ್ಟು ಕಷ್ಟಪಟ್ಟು ಕಟ್ಟಿದ ಮನೆಗೆ ಎಲ್ಲರೂ ಹಿತ್ತಿಲ ಬಾಗಿಲಿನಿಂದ ಬಂದ ಹಾಗೆ. ಆದರೂ ಪುಸ್ತಕ ನಿಂತಿತು. ಅವನ ಜೀವಮಾನದಲ್ಲೇ ಇಪ್ಪತ್ತಕ್ಕೂ ಹೆಚ್ಚು ಸಲ ಅಚ್ಚಾಯಿತು. ಮುಂದಿನ 17 ವರ್ಷ ಅವನ ದಿನಚರಿ ಅದೇ, ತನ್ನ ಪ್ರತಿಯ ಅಂಚಿನಲ್ಲಿ ಹೊಸ ಪದ ಬರೆಯುವುದು, ಹಳೆಯದನ್ನು ಸರಿ ಮಾಡುವುದು. ನಡುವೆ ಲೆಕ್ಕ ಮಾಡುವ ಯಂತ್ರವೊಂದನ್ನು ಕಟ್ಟಲೂ ನೋಡಿದ, ಅದು ಕೈಗೂಡಲಿಲ್ಲ. 1869ರ ಸೆಪ್ಟೆಂಬರ್ 12ರಂದು, ಬೇಸಿಗೆ ಕಳೆಯಲು ಹೋಗಿದ್ದ ವೆಸ್ಟ್ ಮಾಲ್ವರ್ನ್‌ನಲ್ಲಿ ತೀರಿಕೊಂಡಾಗ 90 ವರ್ಷ. ಅಂಚಿನಲ್ಲಿ ಬರೆದಿಟ್ಟ ಪದಗಳನ್ನೆಲ್ಲ ಸೇರಿಸಿ ವಕೀಲನಾಗಿದ್ದ ಮಗ ಜಾನ್ ಲೂಯಿಸ್ 1879ರಲ್ಲಿ ದೊಡ್ಡ ಆವೃತ್ತಿ ತಂದ. ಅವನ ನಂತರ ಮೊಮ್ಮಗ ಸ್ಯಾಮ್ಯುಯೆಲ್ ಅದನ್ನು ನೋಡಿಕೊಂಡ. ಸ್ಯಾಮ್ಯುಯೆಲ್ ರೊಮಿಲಿ ರೋಜೆ, ಆ ಸೋದರಮಾವನ ಹೆಸರು.

ದೀಪಾವಳಿ ರಜೆಯಲ್ಲಿ ಈ ಕಥೆಯನ್ನೆಲ್ಲ ಡಾಕ್ಟ್ರ ಮುಂದೆ ಒಪ್ಪಿಸಿದೆ. ರಾಯಲ್ ಸೊಸೈಟಿಯ ಕಥೆ ಅವರಿಗೆ ಅಷ್ಟು ಬೇಕಾಗಿರಲಿಲ್ಲ. ಅಮರಕೋಶ ಎಂದಾಗ ಮಾತ್ರ ನೆಟ್ಟಗೆ ಕೂತರು, ಚಿಕ್ಕಂದಿನಲ್ಲಿ ಅವರ ಅಜ್ಜ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ಹೇಳಿಕೊಡುತ್ತಿದ್ದರಂತೆ. ಇಂಗ್ಲಿಷಿನವನಿಗೆ ಏನು ಗೊತ್ತು ಎಂದು ಸ್ವಲ್ಪ ಹೊತ್ತು ಬೈದರು. ಆಮೇಲೆ, ಆ 26ರ ಹುಡುಗ ನೋಟ್‌ಬುಕ್ಕಿನಲ್ಲಿ ಏನೇನು ಬರೆದಿದ್ದ ಎಂದು ಎರಡೆರಡು ಸಲ ಕೇಳಿದರು. ಎದ್ದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಬಂದಾಗ ಕೈಯಲ್ಲಿ ಔಷಧ ಕಂಪನಿಗಳು ಕೊಡುವ ಮೂರು ಹಳೆಯ ಡೈರಿಗಳಿದ್ದವು. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ, ರೋಗಿಗಳು ಹೇಳುವುದು ಅವರಿಗೇ ಅರ್ಥವಾಗುತ್ತಿರಲಿಲ್ಲವಂತೆ. ಓದಿದ್ದು ಇಂಗ್ಲಿಷಿನಲ್ಲಿ, ಬೆಳೆದದ್ದು ಮೈಸೂರಿನ ಕಡೆ, ದವಾಖಾನೆ ಹಾಕಿದ್ದು ಹಾವೇರಿ ಜಿಲ್ಲೆಯಲ್ಲಿ. ಹಾಗಾಗಿ ಕೇಳಿದ ಮಾತನ್ನೆಲ್ಲ ಬರೆದಿಟ್ಟುಕೊಂಡಿದ್ದರು. ಪಕ್ಕೆಯಲ್ಲಿ ಚಳಕು, ಕಾಲಿನಲ್ಲಿ ಸೆಳೆತ, ಮೈಯೆಲ್ಲ ಕಡಿತ, ಕೈಗೆ ಜೋಮು, ಕಿವಿ ಗುಂಯ್ ಎನ್ನುವುದು, ಎದೆ ಧಸಕ್ ಎನ್ನುವುದು, ಸಂಕಟ, ಕಳವಳ. ಪಕ್ಕದಲ್ಲಿ ಹೇಳಿದವರ ವಯಸ್ಸು, ಹಳ್ಳಿ, ಕೊನೆಗೆ ಗೊತ್ತಾದ ಕಾಯಿಲೆ. ಹೆಸರು ಒಂದೂ ಬರೆದಿರಲಿಲ್ಲ. ಮೂರನೇ ಡೈರಿ ಅರ್ಧಕ್ಕೇ ನಿಂತಿತ್ತು, ಅಷ್ಟರಲ್ಲಿ ಭಾಷೆ ಬಂದುಬಿಟ್ಟಿತ್ತು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ವಿಡಿಯೋ ಕಾಲ್. ಅವರು ಓದುತ್ತಾರೆ, ನಾನು ಹಾಸ್ಟೆಲಿನಲ್ಲಿ ಕೂತು ಟೈಪ್ ಮಾಡುತ್ತೇನೆ. ಇದು ಪುಸ್ತಕವಾಗುತ್ತದೋ ಇಲ್ಲವೋ ನಮ್ಮಿಬ್ಬರಿಗೂ ಗೊತ್ತಿಲ್ಲ. ಹೊಸದಾಗಿ ನಮ್ಮ ಕಡೆ ಬರುವ ಕಿರಿಯ ಡಾಕ್ಟರಿಗೆ ಒಂದು ಪ್ರತಿ ಕೊಡಬೇಕು ಎಂಬುದಷ್ಟೇ ಅವರ ಲೆಕ್ಕ. ಇಲ್ಲಿಯವರೆಗೆ 312 ಪದಗಳಾಗಿವೆ. ಹೋದ ವಾರ ಕಳವಳ ಎಂಬುದನ್ನು ಎದೆಯ ಕೆಳಗೆ ಹಾಕಬೇಕೋ ಮನಸ್ಸಿನ ಕೆಳಗೆ ಹಾಕಬೇಕೋ ಎಂದು ಮುಕ್ಕಾಲು ಗಂಟೆ ಜಗಳವಾಯಿತು. ಒಂದು ಗಂಟೆಯಾಗಿದೆ, ಊಟಕ್ಕೆ ಏಳಿ ಎಂದು ಅಮ್ಮಾವ್ರು ಹಿಂದಿನಿಂದ ಕೂಗಿದರು. ಡಾಕ್ಟ್ರು ಏಳಲಿಲ್ಲ.